ಕಪ್ಪು ಗೆರೆಯ ತಂತಿ

ಮೂವತ್ತೊಂದು ವರ್ಷಕಾಲ ನಾನು ಜೂನಿಯರ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸಿದೆ. ಓಮನ ನಿಯಮವನ್ನು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿರುವೆನೋ ಲೆಕ್ಕವಿಟ್ಟವರಿಲ್ಲ. ಆದರೆ ನಿವೃತ್ತನಾಗುವವರೆಗೆ ಒಂದು ತಂತಿಯ ತುದಿಯನ್ನು ಸುಲಿದು ಇನ್ನೊಂದಕ್ಕೆ ಹೊಸೆದವನಲ್ಲ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಹೇಳದಿದ್ದರೆ ಈ ಲೇಖನ ಮುಂದೆ ಸಾಗದು.

ವೈದ್ಯನಾಥಪುರದ ನಮ್ಮ ಮನೆಯಂಗಳದಲ್ಲಿ, ಕಾಯಿ ಬಿದ್ದೀತೆಂಬ ಭಯದಿಂದ ತೆಂಗಿನ ಮರಕ್ಕೆ ತುಸು ದೂರವಾಗಿ, ಒಂದು ಹಳೆಯ ಮಾರುತಿ ೮೦೦ ನಿಂತಿರುತ್ತದೆ. ತಿಂಗಳಿಗೆರಡು ಸಲ ಮನೆಯವರನ್ನು ಅದರಲ್ಲಿ ಕೂರಿಸಿಕೊಂಡು ಮೈಸೂರಿನ ಆಸ್ಪತ್ರೆಗೆ ಹೋಗಿಬರಬೇಕು. ಹೋಗುವಾಗ ಇಬ್ಬರಿಗೂ ಮಾತು ಹೊರಡುವುದಿಲ್ಲ. "ಒಂದು ರೇಡಿಯೊ ಆದರೂ ಇದ್ದಿದ್ದರೆ" ಎಂದು ಆಕೆ ಒಮ್ಮೆ ಅಂದಳು. ಅಷ್ಟೇ ಸಾಕಾಯಿತು. ಅಗ್ಗದ ಸೆಟ್ಟೊಂದನ್ನೂ ಮೊಟ್ಟೆಯಾಕಾರದ ಎರಡು ಸ್ಪೀಕರುಗಳನ್ನೂ ಕೊಂಡು ತಂದೆ. ಕೂರಿಸಿಕೊಡಲು ಅಂಗಡಿಯವರು ಕೇಳಿದ ಕೂಲಿ ಸೆಟ್ಟಿನ ಬೆಲೆಯ ಮೂರನೆಯ ಒಂದು ಪಾಲು. ಭೌತವಿಜ್ಞಾನದ ಅಧ್ಯಾಪಕನಿಗೆ ಈ ದಂಡವೇಕೆ ಎಂದು ನಾನೇ ಕೈಹಾಕಿದೆ.

ಕೆಲಸ ಕಠಿನವಾದುದಲ್ಲ. ಸೆಟ್ಟಿನ ಬೆನ್ನಿನಿಂದ ಹೊರಡುವ ತಂತಿಗಳಲ್ಲಿ ಮುಖ್ಯವಾದುವು ಮೂರು. ಹಳದಿಯದು ಸದಾ ಬ್ಯಾಟರಿಯ ಸಂಪರ್ಕದಲ್ಲಿರಬೇಕು. ಹಿಡಿದಿಟ್ಟ ಸ್ಟೇಷನ್ನುಗಳ ನೆನಪನ್ನು ಸೆಟ್ಟು ಉಳಿಸಿಕೊಳ್ಳುವುದು ಅದರಿಂದಲೇ. ಕೆಂಪಿನದಕ್ಕೆ ಜೀವ ಬರುವುದು ಕೀ ತಿರುಗಿಸಿದಾಗ ಮಾತ್ರ. ಕಪ್ಪಿನದು ಕಾರಿನ ಕಬ್ಬಿಣದ ಮೈಗೆ. ಕೆಂಪನ್ನೂ ನೇರವಾಗಿ ಬ್ಯಾಟರಿಗೇ ಕಟ್ಟಿದರೆ ನಿಂತ ಕಾರಿನಲ್ಲಿಯೂ ಸೆಟ್ಟು ಎಚ್ಚರವಾಗಿದ್ದು ಬ್ಯಾಟರಿಯನ್ನು ಬರಿದು ಮಾಡುತ್ತದೆ. ಇನ್ನು ಪ್ರತಿ ಸ್ಪೀಕರಿಗೂ ಒಂದೇ ಬಣ್ಣದ ಎರಡೆರಡು ತಂತಿಗಳು. ಅವುಗಳಲ್ಲಿ ಒಂದರ ಮೈಮೇಲೆ ಕಪ್ಪು ಗೆರೆ. ಗೆರೆಯಿರುವುದು ಋಣ, ಇಲ್ಲದಿರುವುದು ಧನ. ಇದೆಲ್ಲವೂ ಕಾಗದದ ಮೇಲೆ ಸ್ಪಷ್ಟವಾಗಿತ್ತು. ಎರಡು ಸಂಜೆಗಳ ಕಾಲ ಸೀಟಿನ ಕೆಳಗೆ ತಲೆಯಿಟ್ಟು, ಸೊಂಟವನ್ನು ನಾನಾ ಬಗೆಯಾಗಿ ಮುರಿದುಕೊಂಡು, ಕೆಲಸ ಮುಗಿಸಿದೆ.

ಧ್ವನಿಯೇನೋ ಬಂತು. ಆದರೆ ಕೊಳಲು ಕೇಳಿದರೆ ಮೃದಂಗವಿಲ್ಲ. ಇದ್ದರೂ ಯಾರೋ ತಗಡಿನ ಡಬ್ಬವನ್ನು ಬೆರಳಿನಿಂದ ತಟ್ಟಿದ ಹಾಗೆ. ಸಾಲದ್ದಕ್ಕೆ ಹಾಡಿನ ಹಿಂದೆ ಒಂದು ಕೀರಲು ಸದ್ದು. ಇಂಜಿನ್ನಿನ ವೇಗ ಏರಿದರೆ ಅದೂ ಏರುವುದು, ಇಳಿದರೆ ಇಳಿಯುವುದು. "ಅಗ್ಗದ ಮಾಲು, ಇನ್ನೇನಾದೀತು" ಎಂದು ಸೆಟ್ಟಿನ ಮೇಲೆಯೇ ತಪ್ಪು ಹೊರಿಸಿದೆ.

ಕೊನೆಗೆ ಮದ್ದೂರಿನಲ್ಲಿ ವಾಹನಗಳ ವೈರಿಂಗ್ ಕೆಲಸ ಮಾಡುವ ಒಬ್ಬನಲ್ಲಿಗೆ ಹೋದೆ. "ಮೇಷ್ಟ್ರೆ, ನನ್ ಗುರ್ತು ಸಿಕ್ತಾ?" ಎಂದ. ಸಿಕ್ಕಿತು, ಸಿಗದಿದ್ದರೆ ಚೆನ್ನಾಗಿತ್ತು ಎನಿಸಿತು. ಪರೀಕ್ಷೆಯಲ್ಲಿ ಎರಡು ಸಲ ನಪಾಸಾದ ಹುಡುಗ. ಇಡೀ ತರಗತಿಯೆದುರು ಅವನನ್ನು ನಿಲ್ಲಿಸಿ, "ನಿನಗೆ ವಿದ್ಯೆ ಹತ್ತುವುದಿಲ್ಲ, ಕಬ್ಬು ಕಡಿಯಲು ಹೋಗು" ಎಂದವನು ನಾನೇ.

ಅವನು ಸ್ಪೀಕರಿನ ತಂತಿಗಳನ್ನು ಸೆಟ್ಟಿನಿಂದ ಬಿಡಿಸಿ, ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್ಲಿನ ತುದಿಗಳಿಗೆ ಕ್ಷಣಮಾತ್ರ ತಾಗಿಸಿದ. ಎಡಗಡೆಯ ಸ್ಪೀಕರಿನ ಕಾಗದದ ಬಟ್ಟಲು ಟಪ್ಪೆಂದು ಮುಂದಕ್ಕೆ ಬಂತು. ಬಲಗಡೆಯದು ಹಿಂದಕ್ಕೆ ಸರಿಯಿತು. "ನೋಡಿ ಮೇಷ್ಟ್ರೆ, ಒಂದು ಗಾಳೀನ ತಳ್ತದೆ, ಇನ್ನೊಂದು ಎಳ್ಕತದೆ. ದಪ್ಪ ಸದ್ದು ಎಲ್ಲಿಂದ ಬರಬೇಕು?" ಎಂದ. ಎದುರು ಬದುರಾದ ತರಂಗಗಳು ಒಂದನ್ನೊಂದು ಅಳಿಸಿಹಾಕುತ್ತವೆಂದು ಮೂವತ್ತೊಂದು ವರ್ಷ ಪಾಠ ಹೇಳಿದ ನಾನು ಅದನ್ನು ಕಣ್ಣಾರೆ ಕಂಡದ್ದು ಅಂದೇ. ಕಪ್ಪು ಗೆರೆಯ ತಂತಿಯನ್ನು ಮಬ್ಬುಗತ್ತಲೆಯಲ್ಲಿ ಅದಲುಬದಲು ಮಾಡಿದ್ದೆ. ಕೀರಲು ಸದ್ದಿಗೆ ಕಾರಣ ಬಣ್ಣದ ಮೇಲೆಯೇ ಬಿಗಿದಿದ್ದ ಕಪ್ಪು ತಂತಿ. ಅವನು ಬಣ್ಣವನ್ನು ಹೆರೆದು ಬರಿಯ ಕಬ್ಬಿಣಕ್ಕೆ ಬಿಗಿದ. ಇನ್ನೂ ಒಂದು ಕೊರತೆಯನ್ನು ಅವನೇ ಕಂಡುಹಿಡಿದ. ಬ್ಯಾಟರಿಯಿಂದ ಎಳೆದ ಹಳದಿ ತಂತಿಗೆ, ಬ್ಯಾಟರಿಯ ಸಮೀಪದಲ್ಲಿ, ನಾನು ಫ್ಯೂಜು ಹಾಕಿರಲಿಲ್ಲ. ದಾರಿಯಲ್ಲಿ ಎಲ್ಲಿಯಾದರೂ ಆ ತಂತಿಯ ಮೈ ಸವೆದು ಕಬ್ಬಿಣಕ್ಕೆ ತಾಗಿದ್ದರೆ ಬೆಂಕಿ ಹತ್ತುತ್ತಿತ್ತು. ಯಾರನ್ನು ಕೂರಿಸಿಕೊಂಡು ಹೋಗುತ್ತಿದ್ದೆನೆಂದು ನೆನೆದು ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಮ್ಮ ವಿದ್ಯೆ ತಲೆಯಲ್ಲಿ ಹುಟ್ಟಿ ನಾಲಗೆಯಲ್ಲಿ ಮುಗಿದುಹೋಗುತ್ತಿದೆ, ಕೈಯವರೆಗೆ ಇಳಿಯುತ್ತಿಲ್ಲ. ಹಾಗೆಂದು ತಲೆಯ ಲೆಕ್ಕ ನಿರರ್ಥಕವೆಂದಲ್ಲ. ಸೆಟ್ಟಿನ ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ೫೦ ವ್ಯಾಟಿನಂತೆ ನಾಲ್ಕು, ಒಟ್ಟು ೨೦೦ ವ್ಯಾಟ್ ಎಂದಿದೆ. ಓಡುವ ಕಾರಿನಲ್ಲಿ ದೊರೆಯುವುದು ಸುಮಾರು ೧೪ ವೋಲ್ಟ್, ಸ್ಪೀಕರಿನ ತಡೆ ೪ ಓಂ. ಇಂಥ ಸಾಧಾರಣ ಸೆಟ್ಟಿನಿಂದ ಒಂದೊಂದು ಸ್ಪೀಕರಿಗೆ ೨೫ ವ್ಯಾಟಿನಷ್ಟು ಶುದ್ಧ ಧ್ವನಿಯೂ ಹೊರಡಲಾರದೆಂದು ಹಲಗೆಯ ಮೇಲಿನ ಲೆಕ್ಕವೇ ತೋರಿಸಿಕೊಡುತ್ತದೆ. ಇದನ್ನು ಹೇಳಿದಾಗ ಆ ನನ್ನ ಶಿಷ್ಯ ನಿಜಕ್ಕೂ ಬೆರಗಾದ. ಅವನಿಗೆ ನನ್ನ ಲೆಕ್ಕ ಬೇಕಾಗಿತ್ತು, ನನಗೆ ಅವನ ಸೆಲ್ಲು ಬೇಕಾಗಿತ್ತು. ಎರಡೂ ಒಂದೇ ಕೊಠಡಿಯಲ್ಲಿ ಸಿಗದಂತೆ ಮಾಡಿದ್ದು ನನ್ನ ಅಂದಿನ ಮಾತು.

ಈ ಅಗಲಿಕೆ ಅನಿವಾರ್ಯವೇನೂ ಅಲ್ಲ. ನಾವು ಕೇಳಬಯಸಿದ ಮೈಸೂರು ಆಕಾಶವಾಣಿಯ ಹುಟ್ಟನ್ನೇ ನೋಡಿ. ೧೯೩೫ರಲ್ಲಿ ಅದನ್ನು ತಮ್ಮ ಮನೆಯಲ್ಲಿ ೩೦ ವ್ಯಾಟಿನ ಪ್ರೇಷಕದಿಂದ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಇದು ನನ್ನ ವಿಷಯವಲ್ಲವೆಂದು ಅವರು ಕೈ ಕಟ್ಟಿ ಕೂರಲಿಲ್ಲ. ಅದರ ಎರಡು ವರ್ಷಕ್ಕೆ, ೧೯೩೭ರಲ್ಲಿ, ಕೈಕೆಲಸದ ಮೂಲಕವೇ ವಿದ್ಯೆ ಎಂಬ ತತ್ತ್ವವನ್ನು ಗಾಂಧೀಜಿ ವಾರ್ಧಾದಲ್ಲಿ ದೇಶದ ಮುಂದಿಟ್ಟರು. ನಾವು ಅದನ್ನು ಗೌರವದಿಂದ ಪಠ್ಯಪುಸ್ತಕದೊಳಗೆ ಸೇರಿಸಿ, ಬಂದ ಪ್ರಶ್ನೆಗೆ ಉತ್ತರ ಬರೆದು ಅಂಕ ಪಡೆದೆವು.

ಎಲ್ಲರೂ ಎಲ್ಲವನ್ನೂ ತಾವೇ ಮಾಡಿಕೊಳ್ಳಬೇಕೆಂದು ನಾನು ವಾದಿಸುತ್ತಿಲ್ಲ. ಹೊಸ ಕಾರುಗಳಲ್ಲಿ ಅಪಘಾತದ ವೇಳೆ ಉಬ್ಬಿ ರಕ್ಷಿಸುವ ಏರ್‌ಬ್ಯಾಗಿನ ತಂತಿಗಳಿರುತ್ತವೆ. ಅವುಗಳ ಗೊಡವೆಗೆ ನನ್ನಂಥವರು ಹೋಗಲೇಬಾರದು. ಆದರೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಸೆಲ್ಲು, ಒಂದು ಹಳೆಯ ಸ್ಪೀಕರು, ಎರಡು ತುಂಡು ತಂತಿ ಕೊಡುವುದು ಯಾವ ಬಡ ಶಾಲೆಗೂ ಭಾರವಲ್ಲ. ಒಮ್ಮೆ ಕೈಯಾರೆ ಮಾಡಿ ಸೋತವನು ಕೂಲಿಯ ಬೆಲೆಯನ್ನು ಬಲ್ಲ. ಕೂಲಿ ಪಡೆಯುವವನ ವಿದ್ಯೆಯನ್ನೂ ಬಲ್ಲ. ಅಂಗಡಿಯವರು ಕೇಳಿದ ಹಣ ಹೆಚ್ಚಲ್ಲವೆಂದು ನನಗೆ ಈಗ ತಿಳಿದಿದೆ.

ಹೊರಡುವಾಗ, "ಅಂದು ನಿನಗೆ ಹಾಗೆ ಹೇಳಬಾರದಾಗಿತ್ತಪ್ಪ" ಎಂದೆ. "ಯಾವತ್ತು ಮೇಷ್ಟ್ರೆ?" ಎಂದ. ಮರೆತಿದ್ದನೋ, ಮರೆತಂತೆ ನಡೆದುಕೊಂಡನೋ, ತಿಳಿಯಲಿಲ್ಲ. ಕೂಲಿಯನ್ನು ಮಾತ್ರ ಸಂಕೋಚವಿಲ್ಲದೆ ಎಣಿಸಿ ತೆಗೆದುಕೊಂಡ. ಬೇಡವೆಂದಿದ್ದರೆ ನನಗೆ ಇನ್ನಷ್ಟು ನಾಚಿಕೆಯಾಗುತ್ತಿತ್ತು.

ಮುಂದಿನ ಸಲ ಮೈಸೂರಿಗೆ ಹೋಗುವಾಗ ಆಕಾಶವಾಣಿಯಲ್ಲಿ ಕಚೇರಿ ಬರುತ್ತಿತ್ತು. ಶ್ರೀರಂಗಪಟ್ಟಣ ದಾಟುವವರೆಗೂ ಆಕೆ ಮಾತನಾಡಲಿಲ್ಲ. ಆಮೇಲೆ, "ಮೃದಂಗ ಕೇಳಿಸ್ತಾ ಇದೆ" ಎಂದಳು.