ಗೋಬರ್ ಗ್ಯಾಸಿಗೆ ಪಳಗಿದ ಕೈ ಬೇಕು

ಹಸು ಕಟ್ಟಿದವನನ್ನು ಹಾಲೆಷ್ಟು ಲೀಟರೆಂದು ಕೇಳುವವರುಂಟು. ಸಗಣಿ ಎಷ್ಟು ಮಂಕರಿಯೆಂದು ಕೇಳುವವರಿಲ್ಲ. ಹಾಲಿಗೆ ಸಂಘವಿದೆ, ಅಳತೆಯಿದೆ, ಕೊಬ್ಬಿನಂಶ ನೋಡುವ ಯಂತ್ರವಿದೆ, ಆ ಯಂತ್ರವನ್ನು ನಡೆಸಲು ಕಲಿತ ಒಬ್ಬ ಹುಡುಗನೂ ಇದ್ದಾನೆ. ಸಗಣಿಗೆ ಇದಾವುದೂ ಇಲ್ಲ. ನಾಲ್ಕೈದು ಹಸುಗಳಿರುವ ಮನೆಯಲ್ಲಿ ದಿನವೊಂದಕ್ಕೆ 50 ಕಿಲೋ ಸಗಣಿ ಸುಲಭವಾಗಿ ಬೀಳುತ್ತದೆ. ಅದನ್ನು ತಿಪ್ಪೆಗೆ ಹಾಕಿ, ಬಿಸಿಲಿಗೆ ಒಣಗಿಸಿ, ಮಳೆಗೆ ತೊಳೆಯಿಸಿ, ಸಾರವೆಲ್ಲ ಹೊರಟುಹೋದ ಮೇಲೆ ಉಳಿದದ್ದನ್ನು ಗೊಬ್ಬರವೆಂದು ರಾಗಿ ಹೊಲಕ್ಕೆ ಸುರಿಯುತ್ತೇವೆ.

ಹಿಂದಿನ ಕಾಲದಲ್ಲಿ ಇದಕ್ಕೆ ಕಾರಣವಿತ್ತು. ನಮ್ಮ ಹಿರಿಯರ ಆಲಂಬಾಡಿ ದನಗಳು ಕಾವೇರಿ ದಂಡೆಯ ಕಾಡಿನಲ್ಲಿ ಮೇಯುತ್ತಿದ್ದವು. ಸಗಣಿ ಕಾಡಿನ ಪಾಲಾಗುತ್ತಿತ್ತು. ಈಗ ಪೆನ್ನಾಗರಂ ಸೀಮೆಯಲ್ಲಿ ಹಾಲಿಗೆಂದು ಸಾಕುವ ಸೀಮೆಹಸು ಹಗಲಿರುಳೂ ಕೊಟ್ಟಿಗೆಯಲ್ಲೇ ನಿಲ್ಲುತ್ತದೆ. ಮೇವು ನಾವೇ ತರಬೇಕು, ಸಗಣಿಯನ್ನು ನಾವೇ ಎತ್ತಬೇಕು. ಹೇಗೂ ಎತ್ತುವ ಸಗಣಿಯನ್ನು ಗುಂಡಿಗೆ ಹಾಕುವ ಮೊದಲು ಅದರಿಂದ ಒಲೆಯುರಿಯನ್ನು ಪಡೆಯಬಹುದಲ್ಲವೆ? 50 ಕಿಲೋ ಸಗಣಿಯಿಂದ ಸುಮಾರು 2 ಘನ ಮೀಟರು ಅನಿಲ ಬರುತ್ತದೆ. ಐದಾರು ಜನರ ಅಡಿಗೆಗೆ ಅಷ್ಟು ಸಾಕು. ತಿಂಗಳ ಲೆಕ್ಕ ಹಾಕಿದರೆ 14 ಕಿಲೋ ಸಿಲಿಂಡರು ಹೆಚ್ಚುಕಡಿಮೆ ಎರಡರಷ್ಟಾಯಿತು. 2016ರ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಸಿಲಿಂಡರು ಬಂದದ್ದು ದಿಟ. ಆದರೆ ಎರಡನೆಯ ಸಲ ತುಂಬಿಸುವ ದುಡ್ಡು ಎಲ್ಲಿಂದ ಬರಬೇಕೆಂಬುದು ಸೌದೆ ಹೊರುವ ಹೆಂಗಸರಿಗೆ ಚೆನ್ನಾಗಿ ಗೊತ್ತು.

ಇಷ್ಟಾದರೂ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಗೋಬರ್ ಗ್ಯಾಸೆಂದರೆ ಜನ ನಗುತ್ತಾರೆ. ಯಾಕೆ ನಗುತ್ತಾರೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಾನು ಪಾಠ ಹೇಳುವ ಊರಿಗೆ ನಡೆದುಹೋಗುವ ದಾರಿಯಲ್ಲಿ ಮೂರು ಸ್ಥಾವರಗಳಿವೆ. ಒಂದರ ಕಬ್ಬಿಣದ ಡ್ರಮ್ಮು ತುಕ್ಕು ಹಿಡಿದು ತೂತಾಗಿದೆ. ಇನ್ನೊಂದರ ಗುಮ್ಮಟ ಗಟ್ಟಿಯಾಗಿಯೇ ಇದೆ, ಅದರ ಮೇಲೆ ಈಗ ಹುರುಳಿ ಒಣಹಾಕುತ್ತಾರೆ. ಮೂರನೆಯದು ಕೆಟ್ಟದ್ದು ಬಹಳ ಸಣ್ಣ ಕಾರಣದಿಂದ. ಕೊಳವೆಯಲ್ಲಿ ನೀರು ನಿಂತು ಅನಿಲದ ದಾರಿ ಕಟ್ಟಿತ್ತು. ಕೆಳಗಿನ ತಿರುಪನ್ನು ಬಿಚ್ಚಿ ಒಂದು ಲೋಟ ನೀರನ್ನು ಬಸಿದಿದ್ದರೆ ಸರಿಹೋಗುತ್ತಿತ್ತು. ಹೇಳಿಕೊಡುವವರು ಯಾರೂ ಇರಲಿಲ್ಲ. ಕಟ್ಟಿಕೊಟ್ಟವರು ಫೋಟೋ ತೆಗೆಸಿಕೊಂಡು ಹೋದವರು ಮತ್ತೆ ಬರಲಿಲ್ಲ. ಒಂದು ಲೋಟ ನೀರಿಗೆ ಒಂದು ಸ್ಥಾವರ ಬಲಿಯಾಯಿತು.

ನಾನು ಹೇಳತಕ್ಕದ್ದು ಇಷ್ಟೆ. ಇಟ್ಟಿಗೆಗೂ ಸಿಮೆಂಟಿಗೂ ನಮಗೆ ಸಹಾಯಧನ ಸಿಕ್ಕಿದೆ. ಕಲಿತ ಕೈ ಸಿಕ್ಕಿಲ್ಲ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. ಜಶಭಾಯಿ ಪಟೇಲರು 1950ರ ದಶಕದಲ್ಲಿ ತೇಲುವ ಡ್ರಮ್ಮಿನ ಮಾದರಿಯನ್ನು ರೂಢಿಗೆ ತಂದರು. ಮುಂದಿನ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಹಳ್ಳಿಗಳಿಗೆ ಹಂಚಿತು. ಡ್ರಮ್ಮು ದುಬಾರಿಯೆಂದು 1984ರಲ್ಲಿ ಇಟ್ಟಿಗೆ ಗುಮ್ಮಟದ ದೀನಬಂಧು ಮಾದರಿ ಹೊರಟಿತು. ಇದರ ನಡುವೆ 1981-82ರಲ್ಲಿ ರಾಷ್ಟ್ರೀಯ ಯೋಜನೆಯೂ ಆರಂಭವಾಗಿ ಹೆಸರು ಬದಲಿಸುತ್ತ ನಡೆದು ಬಂದಿತು. ಅದರಲ್ಲಿ ತರಬೇತಿಯ ಮಾತು ಇಲ್ಲವೆನ್ನಲಾರೆ. ಗೌಂಡಿಗಳಿಗೆ ಕಟ್ಟುವ ತರಬೇತಿ, ಬಳಸುವವರಿಗೆ ಒಂದು ದಿನದ ತರಬೇತಿ, ಕಟ್ಟಿದವನು ಐದು ವರ್ಷ ನೋಡಿಕೊಳ್ಳಬೇಕೆಂಬ ಷರತ್ತು, ಎಲ್ಲವೂ ಕಾಗದದ ಮೇಲಿವೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಇದಕ್ಕೆಂದೇ ತರಬೇತಿ ಕೇಂದ್ರಗಳು ಏರ್ಪಟ್ಟವು. ನಮ್ಮ ಗುಡ್ಡದ ಹಳ್ಳಿಗಳಿಗೆ ಎರಡೂ ದೂರ.

ಆ ಒಂದು ದಿನದ ತರಬೇತಿಯ ವಿಷಯವನ್ನು ಸ್ವಲ್ಪ ವಿಚಾರ ಮಾಡೋಣ. ಉಪಾಧ್ಯಾಯರ ತರಬೇತಿ ಪಡೆಯುವಾಗ ನಮಗೆ ಬರಿಯ ಉಪನ್ಯಾಸ ಕೇಳಿಸಿ ತರಗತಿಗೆ ಕಳುಹಿಸಲಿಲ್ಲ. ಪಾಠ ಯೋಜನೆ ಬರೆಸಿದರು, ಮಕ್ಕಳ ಮುಂದೆ ನಿಲ್ಲಿಸಿದರು, ಹಿಂದಿನ ಬೆಂಚಿನಲ್ಲಿ ಕೂತು ತಿದ್ದಿದರು. ಹೀಗೆ ತಿಂಗಳುಗಟ್ಟಲೆ ನಡೆಯಿತು. ಮಗ್ಗಿ ಕಲಿಸುವವನಿಗೇ ಇಷ್ಟು ಅಭ್ಯಾಸ ಬೇಕಾದರೆ ಕಣ್ಣಿಗೆ ಕಾಣದ ಕೋಟಿ ಜೀವಿಗಳನ್ನು ಸಾಕುವವನಿಗೆ ಒಂದು ದಿನ ಸಾಕೇ? ಗೋಬರ್ ಗ್ಯಾಸೆಂದರೆ ಯಂತ್ರವಲ್ಲ, ಗಾಳಿ ತಾಕದ ಕತ್ತಲಲ್ಲಿ ಬದುಕುವ ಸೂಕ್ಷ್ಮಾಣುಗಳ ಕೊಟ್ಟಿಗೆ. ಹಸುವಿನಂತೆ ಅವಕ್ಕೂ ಹೊತ್ತಿಗೆ ಸರಿಯಾಗಿ ಮೇವು ಬೇಕು, ಅಳತೆಯ ನೀರು ಬೇಕು, ಬೆಚ್ಚಗಿನ ತಾವು ಬೇಕು. ಹೊಟ್ಟೆ ಕೆಟ್ಟರೆ ಮದ್ದೂ ಬೇಕು.

ಇಂದು ಹಾಕಿದ ಸಗಣಿ ಒಳಗೆ ಸುಮಾರು 40 ದಿನ ನಿಂತು ಹೊರಬರುತ್ತದೆ. ಅಂದಮೇಲೆ ಒಂದು ದಿನದ ಶಿಬಿರದಲ್ಲಿ ಒಂದು ಬುಟ್ಟಿ ಸಗಣಿಯ ಕಥೆಯನ್ನೂ ಪೂರ್ತಿ ನೋಡಿದಂತಾಗಲಿಲ್ಲ. ಕಲಿಯುವವನು ಗುಂಡಿ ತೋಡುವ ದಿನ ಇರಬೇಕು, ಗುಮ್ಮಟ ಮುಚ್ಚುವ ದಿನ ಇರಬೇಕು. ಮೊದಲ ಸಲ ತುಂಬಿಸುವಾಗ, ನಡೆಯುತ್ತಿರುವ ಬೇರೊಂದು ಸ್ಥಾವರದ ಬಗ್ಗಡವನ್ನು ತಂದು ಹೆಪ್ಪು ಹಾಕುವುದನ್ನು ಅವನೇ ಮಾಡಬೇಕು. ಹಾಲಿಗೆ ಹೆಪ್ಪು ಹಾಕುವ ನಮ್ಮ ಹೆಂಗಸರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಮೊದಲು ಬರುವ ಅನಿಲದಲ್ಲಿ ಗಾಳಿ ಬೆರೆತಿರುತ್ತದೆ, ಅದಕ್ಕೆ ಕಿಡಿ ತಗುಲಿದರೆ ಸಿಡಿಯುತ್ತದೆ; ಆದ್ದರಿಂದ ಅದನ್ನು ಬಯಲಿಗೆ ಬಿಟ್ಟುಬಿಡಬೇಕು. ಅನಂತರ ಒಲೆಯಲ್ಲಿ ನೀಲಿ ಉರಿ ಹೊತ್ತುವ ದಿನ, 40ನೆಯ ದಿನ ಬಗ್ಗಡ ಹೊರಬರುವಾಗ, ಕೊನೆಗೆ ಧನುರ್ಮಾಸದ ಚಳಿಯಲ್ಲಿ ಅನಿಲ ಇಳಿದು ಮನೆಯವರು ಬೈಯುವಾಗ ಅವನು ಅಲ್ಲಿರಬೇಕು. ಚಳಿಯಲ್ಲಿ ಕಡಿಮೆಯಾಗುವುದು ರೋಗವಲ್ಲ, ಸ್ವಭಾವ. ಇದನ್ನರಿಯದೆ ಹೆಚ್ಚು ಸಗಣಿ ತುರುಕಿ ಒಳಗನ್ನು ಹುಳಿ ಮಾಡಿಕೊಂಡವರುಂಟು. ಒಟ್ಟಿನಲ್ಲಿ ದಿನಗಳು ಹತ್ತೇ ಇರಲಿ, ಆದರೆ ಅವು ಆರು ತಿಂಗಳ ಉದ್ದಕ್ಕೂ ಹರಡಿರಬೇಕು.

ನೀರಿನ ವಿಷಯಕ್ಕೆ ಬಂದರೆ ನಮ್ಮದು ಒಣ ಸೀಮೆ. ಸಗಣಿಯಷ್ಟೇ ನೀರು ಬೆರೆಸಬೇಕೆಂಬುದು ನಿಯಮ. ಅಂದರೆ ದಿನಕ್ಕೆ 50 ಲೀಟರು. ಹೊಗೇನಕಲ್ಲಿನಿಂದ ಕೊಳಾಯಿಗೆ ಬರುವ ಕುಡಿಯುವ ನೀರನ್ನು ಸಗಣಿಗೆ ಸುರಿಯಿರೆಂದು ಯಾವ ಬುದ್ಧಿವಂತನೂ ಹೇಳಲಾರ. ಕೊಟ್ಟಿಗೆ ತೊಳೆದ ನೀರು, ಗಂಜಲ ಇವೇ ಬಹಳ ಮಟ್ಟಿಗೆ ಆಗುತ್ತವೆ. ಆದರೆ ಫಿನಾಯಿಲು ಹಾಕಿ ತೊಳೆದ ನೀರು ಬೇಡ. ಅದು ಒಳಗಿನ ಜೀವಿಗಳನ್ನು ಕೊಲ್ಲುತ್ತದೆ. ಮೂರಕ್ಕಿಂತ ಕಡಿಮೆ ದನವಿರುವವರು ಕಟ್ಟಿಸುವುದೇ ಬೇಡವೆಂದು ಹೇಳುವ ಧೈರ್ಯವನ್ನೂ ಕಲಿತವನಿಗೆ ಕಲಿಸಬೇಕು. ಎಷ್ಟು ಕಟ್ಟಿದೆವೆಂಬ ಲೆಕ್ಕ ತೋರಿಸುವ ಆತುರದಲ್ಲಿ ಒಂಟಿ ಹಸುವಿನ ಮನೆಗೂ ಗುಮ್ಮಟ ಕಟ್ಟಿದ್ದನ್ನು ನಾವು ಕಂಡಿದ್ದೇವೆ.

ಇವೆಲ್ಲಕ್ಕಿಂತ ದೊಡ್ಡದು ಪ್ರಾಣದ ಪ್ರಶ್ನೆ. ಗುಂಡಿಯೊಳಗೆ ಮೀಥೇನು ಮತ್ತು ಇಂಗಾಲದ ಡೈಆಕ್ಸೈಡು ತುಂಬಿರುತ್ತವೆ, ಉಸಿರಿಗೆ ಪ್ರಾಣವಾಯು ಇರುವುದಿಲ್ಲ. ಜೊತೆಗೆ ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡು ಸ್ವಲ್ಪ ಇರುತ್ತದೆ. ಇದರ ಕಪಟವೇನೆಂದರೆ, ಹೆಚ್ಚಾದಾಗ ಮೂಗೇ ಮಂದವಾಗಿ ನಾತ ನಿಂತಂತೆ ತೋರುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದೆಂದು ಮನುಷ್ಯ ಇಳಿಯುತ್ತಾನೆ. ಅವನು ಬಿದ್ದದ್ದನ್ನು ಕಂಡು ಎತ್ತಲು ತಮ್ಮನೋ ಮಗನೋ ಇಳಿಯುತ್ತಾನೆ. ಕೊಳಚೆ ಗುಂಡಿಗಳಲ್ಲಿ ಹೀಗೆ ಒಬ್ಬರ ಹಿಂದೊಬ್ಬರು ಸತ್ತ ಸುದ್ದಿಯನ್ನು ಪತ್ರಿಕೆಗಳಲ್ಲಿ ನೀವೂ ಓದಿದ್ದೀರಿ. ಚೀನಾದ ಹಳೆಯ ಪದ್ಧತಿಯಲ್ಲಿ ಬುಟ್ಟಿಯಲ್ಲಿ ಕೋಳಿಯನ್ನು ಇಳಿಸಿ ನೋಡುತ್ತಿದ್ದರು. ಆದರೆ ಕೋಳಿ ಬದುಕಿತೆಂದು ನಂಬಿ ಇಳಿಯುವಂತಿಲ್ಲ, ಯಾಕೆಂದರೆ ಕೆಳಗಿನ ಕೆಸರನ್ನು ಕಲಕಿದ ಕೂಡಲೇ ಹೊಸ ವಿಷ ಏಳುತ್ತದೆ. ಎಂದೂ ಒಳಗಿಳಿಯಬೇಡಿ, ಇಳಿದವನನ್ನು ಎತ್ತಲು ಬರಿಗೈಯಲ್ಲಿ ಇಳಿಯಬೇಡಿ. ಇದನ್ನು ಮೊದಲನೆಯ ಪಾಠದಲ್ಲಿಯೂ ಹೇಳಬೇಕು, ಕೊನೆಯ ಪಾಠದಲ್ಲಿಯೂ ಹೇಳಬೇಕು. ಅನಿಲ ಸೋರುವುದನ್ನು ಬೆಂಕಿಕಡ್ಡಿಯಿಂದ ನೋಡುವ ಮಹಾನುಭಾವರೂ ಇದ್ದಾರೆ. ಸಾಬೂನಿನ ನೊರೆ ಸವರಿದರೆ ಗುಳ್ಳೆಯೇ ತೋರಿಸುತ್ತದೆ.

ಕಲಿತವರು ಊರಲ್ಲೇ ಇದ್ದರೆ ಏನಾಗುವುದೆಂಬುದಕ್ಕೆ ಕನ್ನಡ ನಾಡಿನಲ್ಲೇ ಸಾಕ್ಷಿಯಿದೆ. ಉತ್ತರ ಕನ್ನಡದ ಸಿರ್ಸಿ ಕಡೆಯ ಅಡಿಕೆ ತೋಟಿಗರ ಮನೆಗಳಲ್ಲಿ ಗೋಬರ್ ಗ್ಯಾಸು ಮನೆಮಾತಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಅಲ್ಲಿ ನಡೆಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರು ನೋಡಿದ ಸ್ಥಾವರಗಳು ಹೆಚ್ಚುಕಡಿಮೆ ಎಲ್ಲವೂ ಕೆಲಸ ಮಾಡುತ್ತಿದ್ದವು. ಕಟ್ಟುವವರು ಅಲ್ಲಿಯವರೇ, ಒಬ್ಬರಿಗೊಬ್ಬರು ಪೈಪೋಟಿ, ಕೆಟ್ಟರೆ ಬಂದು ಸರಿಮಾಡದಿದ್ದರೆ ಮುಂದಿನ ಕೆಲಸ ಸಿಗದು. ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರವೆಂಬ ಹಳ್ಳಿಯಲ್ಲಿ ಅದೇ ಸಂಸ್ಥೆಯ ಅಮೂಲ್ಯ ರೆಡ್ಡಿಯವರ ಬಳಗ ಊರಿಗೆಲ್ಲ ಒಂದೇ ಸ್ಥಾವರವನ್ನು ಕಟ್ಟಿತು. ಅಡಿಗೆಗೆಂದು ಹೊರಟದ್ದು ಸಗಣಿ ಸಾಲದೆ ಸೋತಿತು; 1987ರಿಂದ ಅದೇ ಅನಿಲದಲ್ಲಿ ಎಂಜಿನು ನಡೆಸಿ ನೀರೆತ್ತಿದರು, ದೀಪ ಹಚ್ಚಿದರು. ಸಗಣಿ ತಂದವರಿಗೆ ಕಿಲೋಗೆ 2 ಪೈಸೆ, ಮೇಲೆ ಅವರ ಪಾಲಿನ ಬಗ್ಗಡ. ಎಂಜಿನು ನಡೆಸಿದವರು ಎಂಜಿನಿಯರುಗಳಲ್ಲ, ಕಲಿಸಿದ್ದನ್ನು ಕಲಿತ ಊರಿನ ಇಬ್ಬರು ಯುವಕರು. ಆ ಏರ್ಪಾಡು ಶಾಶ್ವತವಾಗಿ ನಿಲ್ಲಲಿಲ್ಲ, ಆದರೂ ವರ್ಷಗಟ್ಟಲೆ ನಡೆಯಿತು. ನೆರೆಯ ನೇಪಾಳದಲ್ಲಿ 1992ರಲ್ಲಿ ಆರಂಭವಾದ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ಗೌಂಡಿಯೇ ಕಟ್ಟಬೇಕು, ತಪಾಸಣೆಯಲ್ಲಿ ತಪ್ಪು ಸಿಕ್ಕರೆ ಕಟ್ಟಿದ ಕಂಪನಿಗೆ ದಂಡ. ಅಲ್ಲಿ ಲಕ್ಷಕ್ಕೂ ಮೀರಿ ಸ್ಥಾವರಗಳೆದ್ದವು.

ನಮ್ಮಲ್ಲಿ ಕೈಗಳಿಗೆ ಕೊರತೆಯೇ? ಧರ್ಮಪುರಿಯ ಹುಡುಗರು ಬೆಂಗಳೂರಿನ ಮಹಡಿಗಳಿಗೆ ಗಾರೆ ಹಾಕಿ ಬರುತ್ತಾರೆ. ದೀನಬಂಧು ಗುಮ್ಮಟಕ್ಕೆ ಬೇಕಾದದ್ದು ಅದೇ ಕೈ, ಅದೇ ಕರಣೆ; ವಕ್ರತೆಯ ಲೆಕ್ಕ ಮತ್ತು ಒಳಗಿನ ಗಿಲಾವಿನ ಎಚ್ಚರ ಇವೆರಡನ್ನು ಮೇಲಕ್ಕೆ ಸೇರಿಸಬೇಕು. ಸಂಘಕ್ಕೊಬ್ಬ ಇಂಥ ಗೌಂಡಿ ಸಾಕು. ಅವನ ಜೊತೆಗೆ ಒಬ್ಬಳು ಹೆಂಗಸು ಬೇಕೇ ಬೇಕು. ಸಗಣಿ ಕಲಸುವವಳು ಅವಳು, ಒಲೆ ಹೊತ್ತಿಸುವವಳು ಅವಳು. ತರಬೇತಿಗೆ ಮಾತ್ರ ಬಿಳಿ ಪಂಚೆಯುಟ್ಟು ಯಜಮಾನ ಹೋಗಿ ಊಟ ಮಾಡಿ ಬರುತ್ತಾನೆ! ಪಾಠ ನಡೆಯುವ ಮಾತೂ ಮುಖ್ಯ. ಕರಪತ್ರ ತಮಿಳಿನಲ್ಲಿರಲಿ, ತಪ್ಪಿಲ್ಲ, ನಮ್ಮ ಮಕ್ಕಳು ಓದಿ ಹೇಳುತ್ತಾರೆ. ಆದರೆ ಕನ್ನಡ ಮನೆಮಾತಿನ ಅಜ್ಜಿಗೆ ತಿರುಪು ಯಾವ ಕಡೆ ತಿರುಗಿಸಬೇಕೆಂಬುದನ್ನು ಅವಳ ಮಾತಿನಲ್ಲಿ, ಅವಳ ಕೈ ಹಿಡಿದೇ ತೋರಿಸಬೇಕು.

ಸಗಣಿಯವನ ಸ್ನೇಹಕ್ಕಿಂತ ಗಂಧದವನೊಡನೆ ಗುದ್ದಾಟ ಲೇಸೆಂಬ ಗಾದೆ ಹೇಳಿ ಹುಡುಗರು ಈ ಕೆಲಸಕ್ಕೆ ಮೂಗು ಮುರಿಯಬಹುದು. ಕೂಲಿ ಗೊತ್ತಾದರೆ ಮೂಗು ನೇರವಾಗುತ್ತದೆ. ಹಾಲಿನ ಬಟವಾಡೆಯಲ್ಲಿ ಸ್ಥಾವರವುಳ್ಳ ಪ್ರತಿ ಮನೆಯಿಂದ ತಿಂಗಳಿಗೆ 50 ರೂಪಾಯಿ ಹಿಡಿದರೆ, 60 ಮನೆಗಳಿಂದ 3,000 ರೂಪಾಯಿ. ದಿನಕ್ಕೆ ಎರಡು ಮನೆ ಸುತ್ತಿದರೆ ತಿಂಗಳಲ್ಲಿ ಎಲ್ಲವನ್ನೂ ಒಮ್ಮೆ ನೋಡಿದಂತಾಯಿತು. ಇದು ಪೂರ್ತಿ ಸಂಬಳವಲ್ಲ, ಹೊಲದ ಕೆಲಸದ ಜೊತೆಗೆ ಮಾಡುವಂಥದ್ದು. ಹೊಸದು ಕಟ್ಟುವ ಕೂಲಿ, ಬಿಡಿಭಾಗದ ಲಾಭ ಬೇರೆ. ಒಂದು ಸಂಘಕ್ಕೆ 60 ಮನೆ ಸಿಗದಿದ್ದರೆ ಮೂರು ಸಂಘ ಕೂಡಿಕೊಳ್ಳಲಿ.

ನಮ್ಮ ಪಾಪಾರಪಟ್ಟಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ಕೊಯಮತ್ತೂರಿನಿಂದ ಕಲಿಸುವವರನ್ನು ಅಲ್ಲಿಗೆ ಕರೆಸುವುದು ಅಸಾಧ್ಯವಾದ ಮಾತಲ್ಲ, ಕೇಳುವವರು ಬೇಕು. ಹಾಲಿನ ಸಂಘದ ಮುಂದಿನ ಸಭೆಯಲ್ಲಿ ಬೋನಸ್ಸಿನ ಚರ್ಚೆ ಮುಗಿದ ಮೇಲೆ ಎದ್ದು ಮೂರು ವಿಷಯ ಕೇಳಿರಿ. ನಮ್ಮ ಊರಿನಲ್ಲಿ ನಿಂತುಹೋದ ಸ್ಥಾವರಗಳೆಷ್ಟು, ಅವುಗಳಲ್ಲಿ ಸರಿಮಾಡಬಹುದಾದವೆಷ್ಟು, ಕಲಿಯಲು ಕಳುಹಿಸತಕ್ಕ ಇಬ್ಬರು ಯಾರು? ಹೊಸದನ್ನು ಕಟ್ಟುವ ಮೊದಲು ಆ ಇಬ್ಬರೂ ಹಳೆಯ ಒಂದನ್ನು ಹೊತ್ತಿಸಿ ತೋರಿಸಲಿ. ಅದೇ ಅವರ ಪರೀಕ್ಷೆಯಾಗಲಿ.