ಮಲ್ಲೇಶ್ವರಕ್ಕೆ ಬೆಲೆ ಬಂತು, ಮಲ್ಲೇಶ್ವರದವರಿಗೆ ಜಾಗ ಇಲ್ಲ!

ಬೆಂಗಳೂರಿನ ಮಲ್ಲೇಶ್ವರ ಹುಟ್ಟಿದ್ದೇ ಕಷ್ಟಕಾಲದಲ್ಲಿ. 1898ರ ಪ್ಲೇಗಿಗೆ ಪೇಟೆಯ ಇಕ್ಕಟ್ಟಿನ ಕೇರಿಗಳು ತತ್ತರಿಸಿದ ಮೇಲೆ, ಜನ ಒಂದಿಷ್ಟು ಗಾಳಿ ಬೆಳಕು ಕಾಣಲಿ ಅಂತ ಕಟ್ಟಿದ ಬಡಾವಣೆ ಇದು. ಅಂದು ಜನರನ್ನು ಇಲ್ಲಿಗೆ ಓಡಿಸಿದ್ದು ಇಲಿ. ಇಂದು ಇಲ್ಲಿಂದ ಓಡಿಸುತ್ತಿರುವುದು ಬಾಡಿಗೆ!

ಇದೇನೂ ಒಂದೇ ದಿನದಲ್ಲಿ ಆದದ್ದಲ್ಲ. ರಾಜಾ ಮಿಲ್ ಇದ್ದ ಜಾಗದಲ್ಲಿ 2010ರಲ್ಲಿ ಮಾಲ್ ಎದ್ದಿತು. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೋ ಬಂತು. ಒಳ್ಳೇದೇ ಆಯ್ತು, ಬಸ್ಸಿಗೆ ಕಾದು ಕಾಲು ನೋಯಿಸಿಕೊಂಡವರು ಬೇಡ ಅಂದಾರೆಯೇ? ಆದರೆ ರೈಲಿನ ಹಿಂದೆಯೇ ನಿವೇಶನದ ಬೆಲೆಯೂ ಏರಿತು. ಹೆಂಚಿನ ಮನೆ ಉರುಳಿ ಅಂತಸ್ತಿನ ಮೇಲೆ ಅಂತಸ್ತು ಏಳುತ್ತಿದೆ. ಮಾರಿದವರನ್ನು ಬೈದು ಫಲವಿಲ್ಲ. ಸೋರುವ ಮಾಡು, ಅಣ್ಣತಮ್ಮಂದಿರ ಪಾಲು, ದೂರದೇಶದಲ್ಲಿ ಮಕ್ಕಳು. ಪಾಪ, ಅವರಾದರೂ ಏನು ಮಾಡಿಯಾರು?

ಪ್ರಶ್ನೆ ಇರುವುದು ಅದೇ ಮನೆಯ ಔಟ್‌ಹೌಸಿನ ಬಾಡಿಗೆದಾರನದು. ಮುಂದಿನ ಮಳಿಗೆಯ ಹಿಟ್ಟಿನ ಗಿರಣಿಯವನದು, ಇಸ್ತ್ರಿಯವನದು, ಟೈಲರನದು. ಬಡಾವಣೆಗೆ ಹೆಸರು ತಂದವರಲ್ಲಿ ಇವರೂ ಇಲ್ಲವೇ? ಬೆಲೆ ಏರಿದಾಗ ಮಾಲೀಕರಿಗೆ ಕೋಟಿ, ಬಿಲ್ಡರಿಗೆ ಫ್ಲ್ಯಾಟು. ಇವರಿಗೆ ಮಾತ್ರ 'ಮುಂದಿನ ತಿಂಗಳು ಖಾಲಿ ಮಾಡಿ' ಅನ್ನೋ ಮಾತು!

ಕಾನೂನು ಇಲ್ವೇ ಅಂದ್ರೆ, ಇದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ 14 ಚದರ ಮೀಟರ್, ಅಂದರೆ ಸುಮಾರು 150 ಚದರ ಅಡಿ ಮೀರದ ಸಣ್ಣ ಅಂಗಡಿಯನ್ನು ತನ್ನ ರಕ್ಷಣೆಯೊಳಗೆ ಇಟ್ಟುಕೊಂಡಿದೆ. ಆದರೆ ಕಾಯ್ದೆ ಬರೆದಾಗ ಬಾಡಿಗೆಗೂ ಒಂದು ಮಿತಿ ಹಾಕಿದರು. ಬೆಂಗಳೂರಿನಂಥ ಊರಿಗೆ ಅದು ತಿಂಗಳಿಗೆ 3,500 ರೂಪಾಯಿ. ಇವತ್ತು ಸಂಪಿಗೆ ರಸ್ತೆಯಲ್ಲಿ ಅಷ್ಟಕ್ಕೆ ಅಂಗಡಿ ಹಾಗಿರಲಿ, ಅಂಗಡಿಯ ಚಿಲಕ ಸಿಕ್ಕೀತೇ ಸ್ವಾಮಿ? ಕೊಡೆಯೇನೋ ಇದೆ, ಬಟ್ಟೆಯೇ ಇಲ್ಲ!

ಸರ್ಕಾರ ಈ ಮಿತಿಯನ್ನು ಇಂದಿನ ದರಕ್ಕೆ ತಕ್ಕಂತೆ ಏರಿಸಲಿ. ಹಳೇ ಕಟ್ಟಡ ಒಡೆದು ಕಟ್ಟುವವರು ನೆಲಮಟ್ಟದಲ್ಲಿ ನಾಲ್ಕು ಸಣ್ಣ ಮಳಿಗೆಗಳನ್ನು ಹಳಬರಿಗೇ ಬಿಡಬೇಕು ಎಂದು ಪಾಲಿಕೆ ನಕ್ಷೆ ಮಂಜೂರು ಮಾಡುವಾಗಲೇ ಷರತ್ತು ಹಾಕಲಿ. ಹೊಸದಾಗಿ ಬಂದವರಿಗೂ ಹಾಲು, ಹೂವು, ಹಿಟ್ಟು, ಇಸ್ತ್ರಿ ಬೇಕು ತಾನೇ?

ಇಲ್ಲದಿದ್ದರೆ ನಾಳೆ ಬಸ್ಸಿನ ಬೋರ್ಡಿನಲ್ಲಿ ಮಲ್ಲೇಶ್ವರ ಇರುತ್ತೆ. ಇಳಿದು ನೋಡಿದರೆ ಮಲ್ಲೇಶ್ವರದವರು ಇರಲ್ಲ.