ಒಂದು ಓಟು, ಒಂದು ತೊಂಬೆ



40,752 ಮತ್ತು 40,751. ಈ ಎರಡು ಅಂಕಿ ಬರೆದಿಟ್ಟುಕೊಳ್ಳಿ. 2004ರ ವಿಧಾನಸಭಾ ಚುನಾವಣೆಯಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಮೀಸಲು ಕ್ಷೇತ್ರದಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಅವರಿಗೆ ಬಿದ್ದದ್ದು ಮೊದಲನೆಯದು. ಜಾತ್ಯತೀತ ಜನತಾದಳದ ಎ.ಆರ್. ಕೃಷ್ಣಮೂರ್ತಿ ಅವರಿಗೆ ಬಿದ್ದದ್ದು ಎರಡನೆಯದು. ಒಂದೇ ಒಂದು ಓಟು. ಸೋತವರ ಕಾರಿನ ಡ್ರೈವರ್‌ಗೇ ಅವತ್ತು ಓಟು ಹಾಕೋಕೆ ಆಗಲಿಲ್ಲ ಅಂತ ಆ ಕಡೆ ಇವತ್ತಿಗೂ ಕಥೆ ಹೇಳ್ತಾರೆ.

ಎಲೆಕ್ಷನ್ ಬಂದಾಗೆಲ್ಲ ಈ ಕಥೆಯನ್ನು ನಮಗೆ ನೀತಿಪಾಠವಾಗಿ ಕುಡಿಸುತ್ತಾರೆ. 'ನೋಡಿ, ಒಂದೊಂದು ಓಟೂ ಅಮೂಲ್ಯ' ಅಂತ. ಪಾಠ ಸುಳ್ಳಲ್ಲ. ಆದರೆ ಅರ್ಧ. ಉಳಿದ ಅರ್ಧವನ್ನು ನಾವೇ ಕಲಿಯಬೇಕು.

ಗೆದ್ದವರೂ ನಮ್ಮವರು, ಸೋತವರೂ ನಮ್ಮವರು. ಇಬ್ಬರಿಗೂ ಸೇರಿ ಬಿದ್ದದ್ದು 81,503 ಓಟು. ಇಷ್ಟೂ ಕೇರಿಯ ಓಟೇನು? ಅಲ್ಲ. ಮೀಸಲು ಕ್ಷೇತ್ರದಲ್ಲಿ ನಿಲ್ಲುವವರು ಮಾತ್ರ ನಮ್ಮವರು, ಒತ್ತುವವರು ಎಲ್ಲರೂ. ಕೇರಿ ಎರಡು ಹೋಳಾದಾಗ ತಕ್ಕಡಿ ಹಿಡಿಯೋರು ಊರಿನೋರು. ಹಾಗಾಗಿ ನಮ್ಮ ಅಭ್ಯರ್ಥಿ ಕೇರಿಗೆ ಬಂದು ಕೈ ಮುಗೀತಾನೆ, ಊರೊಳಕ್ಕೆ ಹೋಗಿ ಬಾಯಿ ಮುಚ್ಕೋತಾನೆ. ಅವನೊಬ್ಬನ ಹೇಡಿತನ ಅಂತ ಬೈದು ಸುಮ್ಮನಾದರೆ ಆಗಲಿಲ್ಲ. ಈ ಏರ್ಪಾಡೇ ಅವನ ಬಾಯಿಗೆ ಬೀಗ ಹಾಕಿದೆ.

ಏರ್ಪಾಡು ಹುಟ್ಟಿದ್ದು 1932ರಲ್ಲಿ. ಆ ವರ್ಷದ ಆಗಸ್ಟಿನಲ್ಲಿ ಬ್ರಿಟಿಷರು ಪ್ರಾಂತ್ಯಗಳ ಶಾಸನಸಭೆಗಳಲ್ಲಿ ನಮಗೆ 71 ಸ್ಥಾನ ಕೊಟ್ಟರು. ಅಲ್ಲಿ ನಿಲ್ಲುವವರೂ ನಾವೇ, ಓಟು ಹಾಕುವವರೂ ನಾವೇ. ಗಾಂಧೀಜಿ ಯರವಾಡ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಪೂನಾ ಒಪ್ಪಂದವಾಯಿತು. ಸ್ಥಾನ 148ಕ್ಕೆ ಏರಿತು, ಆದರೆ ಓಟು ಎಲ್ಲರ ಕೈಗೆ ಹೋಯಿತು. ಸಂಖ್ಯೆ ಸಿಕ್ಕಿತು, ಹಿಡಿತ ತಪ್ಪಿತು.

ಆದರೂ ಆ ಒಪ್ಪಂದದಲ್ಲಿ ಬಾಬಾಸಾಹೇಬರು ಒಂದು ಕೊಂಡಿ ಉಳಿಸಿಕೊಂಡಿದ್ದರು. ಮೊದಲು ನಮ್ಮ ಮತದಾರರಷ್ಟೇ ಓಟು ಹಾಕಿ ನಾಲ್ವರನ್ನು ಆರಿಸಬೇಕು. ಆ ನಾಲ್ವರಲ್ಲಿ ಒಬ್ಬರನ್ನು ಆಮೇಲೆ ಎಲ್ಲರೂ ಸೇರಿ ಆರಿಸಬೇಕು. ಅಂದರೆ ಕೇರಿ ಒಪ್ಪದವನು ಕಣದಲ್ಲೇ ಇರುವಂತಿಲ್ಲ. ಸ್ವತಂತ್ರ ಭಾರತದ ಚುನಾವಣೆಯಲ್ಲಿ ಆ ಕೊಂಡಿಯೂ ಕಳಚಿತು. ಫಲ ಏನಾಯಿತು? 1952ರಲ್ಲಿ ಉತ್ತರ ಮುಂಬೈಯ ಮೀಸಲು ಸ್ಥಾನದಲ್ಲಿ ಸ್ವತಃ ಬಾಬಾಸಾಹೇಬರು ಕಾಂಗ್ರೆಸ್ಸಿನ ಕಾಜ್ರೋಳ್ಕರ್ ಎದುರು ಸೋತರು. 1954ರ ಭಂಡಾರ ಉಪಚುನಾವಣೆಯಲ್ಲೂ ಸೋತರು. ಸಂವಿಧಾನ ಬರೆಯಲು ಬೇಕಾದ ಮನುಷ್ಯ ಲೋಕಸಭೆಗೆ ಬೇಡವಾದ!

ಬಾಯಿ ಬಿಟ್ಟವರ ಗತಿಯನ್ನೂ ನಮ್ಮ ಚಳವಳಿ ಕಂಡಿದೆ. 1973ರಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು 'ಬೂಸಾ' ಅಂದರು. ಅದೊಂದು ಮಾತಿಗೆ ಮಂತ್ರಿ ಪದವಿಯನ್ನೇ ಬಿಡಬೇಕಾಯಿತು. ನಮ್ಮ ಹಾಸ್ಟೆಲುಗಳ ಮೇಲೆ ಕಲ್ಲು ಬಿದ್ದವು.

ಈಗ ಸಂತೇಮರಹಳ್ಳಿಗೆ ವಾಪಸ್ ಬನ್ನಿ. ಮಂತ್ರಿಯಾಗಿ, ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಕ್ಷೇತ್ರ ಅದು. 2004ರಲ್ಲಿ ಒಂದು ಓಟಿಗೆ ಸೋತ ಕೃಷ್ಣಮೂರ್ತಿಯವರು ಅವರ ಮಗನೇ. ಆ ಕ್ಷೇತ್ರ ಈಗ ನಕ್ಷೆಯಲ್ಲಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಹೆಸರು ಅಳಿಸಿದರು. ಸಂತೇಮರಹಳ್ಳಿ, ಯಳಂದೂರಿನ ಜನ ಕೊಳ್ಳೇಗಾಲ ಮೀಸಲು ಕ್ಷೇತ್ರಕ್ಕೆ ಸೇರಿದರು. ಜನಸಂಖ್ಯೆಯ ಲೆಕ್ಕದಲ್ಲಿ ಹಳ್ಳಿಯ ಸೀಟು ಕರಗಿ ಬೆಂಗಳೂರಿನ ಸೀಟು ಬೆಳೆಯಿತು. ಕೆಂಗೇರಿಯನ್ನು ಒಳಗಿಟ್ಟುಕೊಂಡಿದ್ದ ದೈತ್ಯ ಉತ್ತರಹಳ್ಳಿ ಕ್ಷೇತ್ರ ಒಡೆದು ಹಲವಾಯಿತು. ಇವತ್ತು ನಾವು ಓದುವ, ಕೂಲಿ ಮಾಡುವ ಈ ಪಶ್ಚಿಮ ಬೆಂಗಳೂರಿನಲ್ಲಿ ರಾಜಾಜಿನಗರ, ವಿಜಯನಗರ, ಗೋವಿಂದರಾಜನಗರ, ಯಶವಂತಪುರ, ರಾಜರಾಜೇಶ್ವರಿನಗರ, ಇಷ್ಟರಲ್ಲಿ ಒಂದೂ ಮೀಸಲಲ್ಲ. ಊರಲ್ಲಿ ಬರ, ಕೂಲಿಯಿಲ್ಲ ಅಂತ ನಮ್ಮಪ್ಪ ಅವ್ವಂದಿರು ಮೈಸೂರು ರಸ್ತೆ ಹಿಡಿದು ಇಲ್ಲಿಗೆ ಬಂದರು. ತಲೆಲೆಕ್ಕ ಬೆಂಗಳೂರಿಗೆ ಬಂತು. ಅಧಿಕಾರ ಮಾತ್ರ ಅವರ ಗಂಟಿನ ಜೊತೆ ಬರಲಿಲ್ಲ.

ಹಾಗಾದರೆ ಓಟು ದಂಡವೇ? ಹಾಸ್ಟೆಲಿನಲ್ಲಿ ಕೆಲವು ಗೆಳೆಯರು ಹಾಗನ್ನುತ್ತಾರೆ. ನಾನು ಒಪ್ಪೋದಿಲ್ಲ. ಅದೇ ಕೊಳ್ಳೇಗಾಲ ನೋಡಿ. 2018ರಲ್ಲಿ ಅಲ್ಲಿ ಆನೆ ಗೆದ್ದಿತು. ಎನ್. ಮಹೇಶ್ ಬಿಎಸ್‌ಪಿಯಿಂದ 19 ಸಾವಿರಕ್ಕೂ ಹೆಚ್ಚು ಅಂತರದಲ್ಲಿ ಗೆದ್ದು ಶಿಕ್ಷಣ ಮಂತ್ರಿಯಾದರು. ನೀಲಿ ಬಾವುಟ ವಿಧಾನಸೌಧದ ಮೆಟ್ಟಿಲು ಹತ್ತಿತು ಅಂತ ಕೇರಿಗಳು ಕುಣಿದವು. ಕೆಲವೇ ತಿಂಗಳಲ್ಲಿ ರಾಜೀನಾಮೆ. 2019ರ ಜುಲೈನಲ್ಲಿ ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದ ದಿನ ಗೈರುಹಾಜರಿ. ಪಕ್ಷದಿಂದ ಉಚ್ಚಾಟನೆ. 2021ರಲ್ಲಿ ಬಿಜೆಪಿ ಸೇರ್ಪಡೆ. 2023ರಲ್ಲಿ ಜನ ಉತ್ತರ ಕೊಟ್ಟರು. ಅವರೆದುರು ಕಾಂಗ್ರೆಸ್ಸಿನಿಂದ ಗೆದ್ದದ್ದು, 19 ವರ್ಷ ಹಿಂದೆ ಒಂದು ಓಟಿಗೆ ಸೋತಿದ್ದ ಅದೇ ಕೃಷ್ಣಮೂರ್ತಿ. ಅಂತರ 59,519.

ಜನ ದಡ್ಡರಲ್ಲ ಕಣ್ರಪ್ಪಾ. ಶಿಕ್ಷೆ ಕೊಡೋದು ಅವರಿಗೆ ಗೊತ್ತು. ಆದರೆ ಐದು ವರ್ಷಕ್ಕೊಮ್ಮೆ ಶಿಕ್ಷೆ ಕೊಟ್ಟರೆ ನಡುವಿನ ದಿನಗಳಲ್ಲಿ ಯಾರು ಕೇಳೋರು? 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲ್ಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯ ನಲ್ಲಿಗೆ ಬಾಯೊಡ್ಡಿ ನೀರು ಕುಡಿದಳು. ತೊಂಬೆ ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. ಆಮೇಲೆ ಅಧಿಕಾರಿಗಳು ಬಂದು ನಮ್ಮವರಿಗೆ ಊರಿನ ತೊಂಬೆಗಳ ನೀರು ಕುಡಿಸಿದರು. ಅದು 1962ರಿಂದ ಮೀಸಲಾಗಿರುವ ಲೋಕಸಭಾ ಕ್ಷೇತ್ರ! ಅರವತ್ತು ವರ್ಷ ನಮ್ಮವರೇ ಸಂಸದರು. ಅರವತ್ತು ವರ್ಷಕ್ಕೆ ಒಂದು ಬೊಗಸೆ ನೀರು ಕೊಡಿಸಲು ಆಗದಿದ್ದರೆ ಆ ಸೀಟು ಯಾರದು? ನಮ್ಮದೋ, ನಮ್ಮ ಹೆಸರಿನಲ್ಲಿ ಊರಿನವರದೋ?

ನನ್ನ ಮಾತು ಇಷ್ಟು. ಕಾನೂನು ಕಿತ್ತುಕೊಂಡ ಆ ನಾಲ್ವರ ಪಟ್ಟಿಯನ್ನು ನಾವೇ ಮತ್ತೆ ಶುರು ಮಾಡೋಣ. ಇದಕ್ಕೆ ಯಾವ ತಿದ್ದುಪಡಿಯೂ ಬೇಕಿಲ್ಲ. ರಾಜ್ಯದಲ್ಲಿ ಪರಿಶಿಷ್ಟ ಜಾತಿಗೆ 36 ಮೀಸಲು ಕ್ಷೇತ್ರಗಳಿವೆ. ಆ ಒಂದೊಂದು ಕ್ಷೇತ್ರದ ಹುಡುಗ ಹುಡುಗಿಯರೂ ಬೆಂಗಳೂರಿನ ಹಾಸ್ಟೆಲುಗಳಲ್ಲಿ ಸಿಗುತ್ತಾರೆ. ಪಕ್ಷಗಳು ಟಿಕೆಟ್ ಹಂಚುವ ಮೊದಲೇ ನಾವು ಕ್ಷೇತ್ರವಾರು ಸೇರಬೇಕು. ಊರಿಗೆ ಹೋಗಬೇಕು. ಎಡ, ಬಲ ಅನ್ನದೆ ಎಲ್ಲ ಕೇರಿಗಳ ಸಭೆ ಕರೆಯಬೇಕು. ಅವ್ವಂದಿರೂ ಆ ಸಭೆಯಲ್ಲಿ ಕೂರಬೇಕು. ಟಿಕೆಟ್ ಕೇಳುವವರನ್ನು ಕರೆಸಿ, ಊರಿನವರೂ ಕೇಳುವ ಹಾಗೆ ಒಂದೇ ಪ್ರಶ್ನೆ ಹಾಕಬೇಕು: 'ತೊಂಬೆ ತೊಳೆದ ದಿನ ನೀನು ಎಲ್ಲಿದ್ದೆ? ನಾಳೆ ತೊಳೆದರೆ ಎಲ್ಲಿರ್ತೀಯ?' ಉತ್ತರ ಕೊಟ್ಟ ನಾಲ್ವರ ಹೆಸರನ್ನು ಕೇರಿಯ ಗೋಡೆ ಮೇಲೆ ಬರೆಯೋಣ. ಆ ನಾಲ್ವರಾಚೆಗೆ ಟಿಕೆಟ್ ಕೊಟ್ಟ ಪಕ್ಷಕ್ಕೆ ಕೇರಿಯ ಒಂದು ಓಟೂ ಇಲ್ಲ ಅಂತ ಮೊದಲೇ ಹೇಳೋಣ.

ಪಕ್ಷದವರು ನಗಬಹುದು. ಕೇರಿ ಒಡೆಯಲು ಹಣ, ಹೆಂಡ, ಉಪಜಾತಿ ಮೂರನ್ನೂ ತರಬಹುದು. ತರಲಿ. ಒಂದು ಓಟಿಗೆ ಶಾಸಕ ಬದಲಾಗುವ ಕಡೆ, ಒಗ್ಗಟ್ಟಾದ ಹತ್ತು ಕೇರಿಗಳನ್ನು ನೋಡಿ ಎಷ್ಟು ದಿನ ನಗ್ತಾರೆ?

ಇನ್ನು ಎಲೆಕ್ಷನ್ ಹಿಂದಿನ ರಾತ್ರಿ ಸ್ಯಾಟಲೈಟ್ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಬಸ್ ಚಾರ್ಜು, ಬಿರಿಯಾನಿ ಕೊಟ್ಟು ಹತ್ತಿಸಿಕೊಂಡು ಹೋಗ್ತಾರೆ ಅಂತ ಕಾಯಬೇಡಿ. ನಿಮ್ಮ ದುಡ್ಡಲ್ಲಿ ಟಿಕೆಟ್ ತಗೊಳ್ಳಿ. ಒಂದು ವಾರ ಮುಂಚೆ ಹೊರಡಿ. ಓಟಿಗೆ ಮೊದಲು ಕೇಳುವ ಕೆಲಸ ಬಹಳ ಇದೆ.

ಜೈ ಭೀಮ್.